ಬೀಗಕ್ಕೆ ಎಣ್ಣೆ ಹಾಕಿದವರು

೧೯೮೭ರ ಬೇಸಿಗೆಯಲ್ಲಿ ನನ್ನ ಮದುವೆಯಾಯಿತು. ರಾಣೆಬೆನ್ನೂರಿನ ಸೈಕಲ್ ಅಂಗಡಿಯವರ ಮಗಳಾದ ನಾನು ಬ್ಯಾಡಗಿಯ ಮೆಣಸಿನಕಾಯಿ ದಲಾಲರ ಮನೆಗೆ ಹಿರಿಯ ಸೊಸೆಯಾಗಿ ಬಂದೆ. ಎರಡು ಊರುಗಳ ನಡುವೆ ದೂರವೇನೂ ಹೆಚ್ಚಿಲ್ಲ. ಆದರೂ ಮೊದಲ ಒಂದು ತಿಂಗಳನ್ನು ನಾನು ಸೀನುತ್ತಲೇ ಕಳೆದೆ. ಹಾಸಿಗೆ ಕೊಡವಿದರೆ ಸೀನು, ಕಸ ಹೊಡೆದರೆ ಸೀನು, ಗಂಡನ ಅಂಗಿ ಒಗೆಯಲು ತೆಗೆದುಕೊಂಡರೂ ಸೀನು. ಆ ಮನೆಯ ಗಾಳಿಯಲ್ಲೇ ಖಾರ ಬೆರೆತಿತ್ತು. ಮನೆಯವರಿಗೆಲ್ಲ ಅದು ರೂಢಿಯಾಗಿದ್ದರಿಂದ ನನ್ನ ಸೀನು ಕೇಳಿ ಅವರಿಗೆ ನಗು.

ಮನೆಯಲ್ಲಿ ನಾವು ಐದು ಜನ. ಮಾವ, ಅತ್ತೆ, ನನ್ನ ಗಂಡ, ಹಾವೇರಿಯಲ್ಲಿ ಕಾಲೇಜು ಓದುತ್ತಿದ್ದ ಮೈದುನ ಮತ್ತು ನಾನು. ಮಾವ ಬಹಳ ಮಾತಿನವರು. ಅಂಗಡಿಯಲ್ಲಿ ದಿನವಿಡೀ ಮಾತಾಡಿ ಬಂದರೂ ಮನೆಗೆ ಬಂದ ಮೇಲೆ ಅವರಿಗೆ ಮತ್ತಷ್ಟು ಮಾತು ಉಳಿದಿರುತ್ತಿತ್ತು. ಅತ್ತೆ ಅದಕ್ಕೆ ತದ್ವಿರುದ್ಧ. ಸೊಂಟಕ್ಕೆ ಕೀಲಿಕೈ ಗೊಂಚಲು ಸಿಕ್ಕಿಸಿಕೊಂಡು ಬೆಳಗಿನಿಂದ ರಾತ್ರಿಯ ತನಕ ಕೆಲಸ ಮಾಡುತ್ತಿದ್ದರು. ಒಂದು ಮಾತಿನಲ್ಲಿ ಮುಗಿಯುವುದನ್ನು ಎರಡು ಮಾತಿಗೆ ಎಳೆಯುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಅವರನ್ನು ಕಂಡರೆ ಹೆದರಿಕೆ. ಗೊಂಚಲಿನ ಸದ್ದು ಕೇಳಿದರೆ ಸಾಕು, ಸುಮ್ಮನೆ ಕುಳಿತಿದ್ದವಳು ಎದ್ದು ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದೆ.

ಆ ಮನೆಯಲ್ಲಿ ಒಂದು ಕತೆಯಿತ್ತು. ಹೋಳಿಗೆ ಮಾಡಿದ ದಿನವೆಲ್ಲ ಮಾವ ಅದನ್ನು ತಪ್ಪದೆ ಹೇಳುತ್ತಿದ್ದರು. ಅತ್ತೆ ಸೊಸೆಯಾಗಿ ಬಂದ ಮೊದಲ ಯುಗಾದಿಗೆ ಹೂರಣಕ್ಕೆ ಚಿಟಿಕೆ ಉಪ್ಪು ಹಾಕುವ ಬದಲು ಗಾಬರಿಯಲ್ಲಿ ಹಿಡಿ ಉಪ್ಪು ಹಾಕಿಬಿಟ್ಟರಂತೆ. ಪಂಕ್ತಿಯಲ್ಲಿ ಕುಳಿತ ಬೀಗರೆಲ್ಲ ಬಾಯಿಗಿಟ್ಟು ಒಬ್ಬರ ಮುಖ ಒಬ್ಬರು ನೋಡಿದರಂತೆ. ಮಾವ ಪ್ರತಿಯೊಬ್ಬರ ಮುಖವನ್ನೂ ಅಭಿನಯಿಸಿ ತೋರಿಸುತ್ತಿದ್ದರು. ನಾನು ಬಂದ ಮೇಲೆ ಮೊದಲ ಸಲ ಹೋಳಿಗೆ ಮಾಡಿದಾಗ ನನಗೂ ಈ ಕತೆ ಹೇಳಿದರು. ನಾನು ಸೆರಗು ಬಾಯಿಗೆ ಅಡ್ಡ ಹಿಡಿದು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಅತ್ತೆ ಎಲ್ಲರ ತಟ್ಟೆಗೆ ತುಪ್ಪ ಬಡಿಸುತ್ತಾ ಹೋದರು.

ಮಹಾನವಮಿ ಬಂತು. ಖಂಡೇಪೂಜೆಯ ದಿನ ನಮ್ಮ ಕಡೆ ಮನೆಯಲ್ಲಿರುವ ಕಬ್ಬಿಣದ ಸಾಮಾನಿಗೆಲ್ಲ ಪೂಜೆ. ಅಂಗಡಿಯ ತಕ್ಕಡಿ, ಹಮಾಲರು ಚೀಲ ಎತ್ತುವ ಕೊಕ್ಕೆ, ಅಡುಗೆಮನೆಯ ಈಳಿಗೆ, ಕತ್ತರಿ ಎಲ್ಲವನ್ನೂ ತೊಳೆದು ಇಟ್ಟಿದ್ದರು. ನನ್ನ ತವರಿನಲ್ಲಿ ಈ ಹಬ್ಬದ ಗತ್ತೇ ಬೇರೆ. ಅಪ್ಪ ಅಂಗಡಿಯ ಪಾನಾ, ಪಕ್ಕಡ, ಸುತ್ತಿಗೆಗಳನ್ನು ಸಾಲಾಗಿ ಜೋಡಿಸಿ, ಎಲ್ಲಕ್ಕೂ ಅಡುಗೆಯ ಕುಸುಬಿ ಎಣ್ಣೆ ಸವರಿ, ಆಮೇಲೆ ವಿಭೂತಿ ಕುಂಕುಮ ಹಚ್ಚುತ್ತಿದ್ದರು. "ವರ್ಷಪೂರ್ತಿ ಮಷೀನ್ ಎಣ್ಣಿ ಕುಡೀತಾವು, ಇವತ್ತೊಂದು ದಿನ ಮನಿ ಎಣ್ಣಿ ಕುಡೀಲಿ" ಎನ್ನುತ್ತಿದ್ದರು. ಆ ನೆನಪಿನಿಂದ ನನಗೆ ಹುರುಪು ಬಂತು.

"ಅತ್ತೀ, ನಮ್ಮ ತವರಮನ್ಯಾಗ ಕಬ್ಬಿಣಕ್ಕೆಲ್ಲಾ ಎಣ್ಣಿ ಹಚ್ಚತಾರ್ರಿ. ಹಚ್ಚಲೇನ್ರಿ?" ಎಂದು ಕೇಳಿದೆ.

"ನಿನಗ ತಿಳದಂಗ ಮಾಡು" ಎಂದರು.

ನನಗೆ ತಿಳಿದಂತೆ ಮಾಡಿದೆ. ತಕ್ಕಡಿ, ಕೊಕ್ಕೆ ಮುಗಿದ ಮೇಲೂ ಎಣ್ಣೆ ಉಳಿದಿತ್ತು. ಕಬ್ಬಿಣ ಎಲ್ಲೆಲ್ಲಿದೆ ಎಂದು ಮನೆಯೆಲ್ಲ ಹುಡುಕುತ್ತಾ ಹೊರಟೆ. ಹಿಂದಿನ ಪಡಸಾಲೆಯ ಪಕ್ಕದಲ್ಲಿ ಮೆಣಸಿನಕಾಯಿ ಚೀಲ ಇಡುವ ಕೋಣೆಯೊಂದಿತ್ತು. ಅದರ ಸಾಗವಾನಿ ಬಾಗಿಲಿಗೆ ನನ್ನ ಗಂಡ ಹುಬ್ಬಳ್ಳಿಯಿಂದ ತಂದ ಬೀಗವನ್ನು ಕೂಡಿಸಿದ್ದರು. ಬಾಗಿಲು ಎಳೆದುಕೊಂಡರೆ ಅದು ತಾನೇ ಬೀಳುತ್ತದೆ. ಹೊರಗಿನಿಂದ ತೆಗೆಯಲು ಕೀಲಿಕೈ ಬೇಕು, ಒಳಗಿನಿಂದಾದರೆ ಒಂದು ಗುಂಡಿ ತಿರುಗಿಸಬೇಕು. ಆ ಬೀಗದ ತೂತಿಗೆ ಚಮಚದಿಂದ ಕುಸುಬಿ ಎಣ್ಣೆ ಹಾಕಿದೆ. ಕೆಳಗೆ ಇಳಿಯುವ ತನಕ ಹಾಕಿದೆ. ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದೆ. ಅದು ಸರಿಯಾಗಿ ಕೂರಲಿಲ್ಲವೆಂದು ಇನ್ನಷ್ಟು ಪುಡಿ ಒತ್ತಿದೆ. ಕುಂಕುಮವಿಟ್ಟು ಕೈಮುಗಿದೆ. ಆಗ ಕೋಣೆಯಲ್ಲಿ ಹಳೆಯ ಮಾಲು ಖಾಲಿಯಾಗಿ ಬಾಗಿಲು ಸದಾ ತೆರೆದೇ ಇರುತ್ತಿತ್ತು. ಆದ್ದರಿಂದ ನಾನು ಮಾಡಿದ ಘನಕಾರ್ಯ ಮೂರು ತಿಂಗಳು ಯಾರ ಗಮನಕ್ಕೂ ಬರಲಿಲ್ಲ.

ಜನವರಿ ಬಂತು, ಹೊಸ ಮೆಣಸಿನಕಾಯಿ ಬಂತು. ಪೇಟೆಯ ದಿನಗಳಲ್ಲಿ ಬ್ಯಾಡಗಿಯ ರಸ್ತೆಗಳಲ್ಲಿ ಚಕ್ಕಡಿ, ಟ್ರ್ಯಾಕ್ಟರುಗಳ ನಡುವೆ ಕಾಲಿಡಲು ಜಾಗವಿರುವುದಿಲ್ಲ. ನಮ್ಮ ಕೋಣೆಯೂ ತುಂಬಿತು. ಕಿಟಕಿಯ ಅರ್ಧದ ತನಕ ಚೀಲ ಒಟ್ಟಿದ್ದರು. ಅಂಥ ಒಂದು ಪೇಟೆಯ ದಿನ ಮಾವ ಬೆಳಿಗ್ಗೆಯೇ ಅಂಗಡಿಗೆ ಹೋದರು. ನನ್ನ ಗಂಡ ಮಾಲು ತರಲು ಲಾರಿಯ ಜೊತೆ ಮೋಟೆಬೆನ್ನೂರಿಗೆ ಹೋಗಿದ್ದರು. ಮೈದುನ ಕಾಲೇಜಿಗೆ ಹೋಗಿದ್ದ. ಮನೆಯಲ್ಲಿ ನಾವಿಬ್ಬರೇ ಹೆಂಗಸರು.

ಸುಮಾರು ಹನ್ನೊಂದು ಗಂಟೆಗೆ ಅತ್ತೆ ಬುಟ್ಟಿ ಹಿಡಿದುಕೊಂಡು ಆ ಕೋಣೆಗೆ ಹೋದರು. ವರ್ಷದ ಖಾರಪುಡಿಗೆ ಒಳ್ಳೆಯ ಕಾಯಿಗಳನ್ನು ತಾವೇ ಆರಿಸುತ್ತಿದ್ದರು. ನಾನು ಅಂಗಳದಲ್ಲಿ ರೊಟ್ಟಿಗೆ ಜೋಳ ಹಸನು ಮಾಡುತ್ತಾ ಕುಳಿತಿದ್ದೆ. ಮೂಡಣ ಗಾಳಿ ಜೋರಾಗಿತ್ತು. ಇದ್ದಕ್ಕಿದ್ದಂತೆ ಕೋಣೆಯ ಬಾಗಿಲು ಧಡಾರನೆ ಬಡಿದುಕೊಂಡಿತು. ನಾನು ತಲೆಯೆತ್ತಿ ನೋಡಿ ಮತ್ತೆ ಮೊರದ ಕಡೆ ಗಮನ ಕೊಟ್ಟೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅತ್ತೆಯ ದನಿ ಕೇಳಿಸಿತು.

"ಸರೋಜಾ, ಬಾಗಲಾ ತಗಿ. ಒಳಗ ಗುಂಡಿ ತಿರುಗವಲ್ದು."

ಮಾಲು ಇನ್ನೂ ಬರುತ್ತಿದ್ದರಿಂದ ಆ ಬಾಗಿಲಿಗೆ ಬೀಗ ಹಾಕುತ್ತಿರಲಿಲ್ಲ. ಆದರೂ ಬಾಗಿಲು ಬಿದ್ದರೆ ಇರಲಿ ಎಂದು ಅತ್ತೆ ಒಳಗೆ ಹೋಗುವಾಗ ಕೀಲಿಕೈಯನ್ನು ಹೊರಗಡೆ ಬೀಗದಲ್ಲಿ ಸಿಕ್ಕಿಸಿದ್ದರು. ನಾನು ಹೋಗಿ ತಿರುಗಿಸಿದೆ. ಅದು ಕಾಲು ಸುತ್ತು ತಿರುಗಿ ನಿಂತಿತು. ಬಲ ಹಾಕಿದೆ. ಅಲುಗಲಿಲ್ಲ. ತೆಗೆದು ಮತ್ತೆ ಹಾಕಿದೆ. ಎರಡು ಕೈಯಿಂದ ಹಿಡಿದು ತಿರುಗಿಸಿದೆ. ಬೆರಳಲ್ಲಿ ಕೀಲಿಕೈಯ ಅಚ್ಚು ಮೂಡಿತೇ ಹೊರತು ಬೀಗ ಜಗ್ಗಲಿಲ್ಲ.

ಒಳಗೆ ಅತ್ತೆ ಕೆಮ್ಮತೊಡಗಿದರು. ಅವರಿಗೆ ದಮ್ಮು, ಉಬ್ಬಸದ ಕಾಯಿಲೆ ಇತ್ತು. ಚಳಿಗಾಲದಲ್ಲಿ ಅದು ಹೆಚ್ಚು. ಅದಕ್ಕೇ ಅವರು ಆ ಕೋಣೆಗೆ ಹೋದರೆ ಬಾಗಿಲು ತೆರೆದಿಟ್ಟುಕೊಂಡು, ಬೇಕಾದದ್ದನ್ನು ತೆಗೆದುಕೊಂಡು, ಬೇಗ ಹೊರಗೆ ಬರುತ್ತಿದ್ದರು. ಈಗ ಬಾಗಿಲು ಬಡಿದ ರಭಸಕ್ಕೆ ನೆಲದ ಮೇಲಿನ ಖಾರದ ಧೂಳೆಲ್ಲ ಎದ್ದಿತ್ತು. ಬಾಗಿಲಿನ ಸಂದಿಯಿಂದಲೇ ನನ್ನ ಗಂಟಲು ಉರಿಯುತ್ತಿತ್ತು. ಒಳಗಿದ್ದವರ ಗತಿ ಹೇಗಿರಬೇಡ.

ಬೀಗ ಬಿಗಿಯಾದರೆ ಎಣ್ಣೆ ಹಾಕಬೇಕು ಎಂಬುದೊಂದೇ ನನಗೆ ಹೊಳೆದದ್ದು. ಅಡುಗೆಮನೆಗೆ ಓಡಿ ಅದೇ ಕುಸುಬಿ ಎಣ್ಣೆಯ ಬಟ್ಟಲು ತಂದೆ. ತೂತಿಗೆ ಸುರಿಯಲು ಬಗ್ಗಿದಾಗ ಅಂಚಿನಲ್ಲಿ ಬೂದಿ ಬಣ್ಣದ, ಒಣಗಿ ಗಟ್ಟಿಯಾದ ಏನೋ ಕಂಡಿತು. ಉಗುರಿನಿಂದ ಕೆರೆದೆ. ಕುಂಕುಮ ಬೆರೆತ ವಿಭೂತಿ. ಅದು ನನ್ನ ಮೂರು ಬೆರಳಿನ ಕೆಲಸ.

ಕೋಣೆಯ ಹಿಂಬದಿಗೆ ಹಿತ್ತಿಲ ಕಡೆ ಎತ್ತರದಲ್ಲಿ ಸಣ್ಣ ಕಿಟಕಿಯಿತ್ತು. ಹಿತ್ತಿಲಿಗೆ ಓಡಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ನೀರಿನ ಡಬ್ಬಿ ಬೋರಲು ಹಾಕಿ ಹತ್ತಿದೆ. ಅತ್ತೆಯೂ ಒಳಗೆ ಚೀಲವೊಂದನ್ನು ಮೆಟ್ಟಿ ಕಿಟಕಿಯ ಹತ್ತಿರ ಬಂದಿದ್ದರು. ಒಟ್ಟಿದ ಚೀಲಗಳ ಮೇಲೆ ಉಳಿದ ಗೇಣು ಜಾಗದಲ್ಲಿ ಅವರ ಮುಖ ಕಾಣಿಸಿತು. ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಉಸಿರು ಎಳೆದಾಗ ಸೀಟಿಯ ಸದ್ದು.

"ಗುಳಿಗಿ ಕೊಡು. ದೇವರ ಮಾಡದಾಗ ಐತಿ" ಎಂದರು.

ದೇವರ ಗೂಡಿನಿಂದ ದಮ್ಮಿನ ಗುಳಿಗೆ ತಂದೆ. ಕಿಟಕಿಯ ಸರಳುಗಳ ನಡುವೆ ಲೋಟ ತೂರಲಿಲ್ಲ. ಮತ್ತೆ ಓಡಿಹೋಗಿ ಪೂಜೆಯ ಗಿಂಡಿ ತಂದು ಅದರ ಮೂತಿಯನ್ನು ಸರಳಿನೊಳಗೆ ತೂರಿಸಿದೆ. ಅತ್ತೆ ಗುಳಿಗೆ ಬಾಯಿಗೆ ಹಾಕಿಕೊಂಡು ಗಿಂಡಿಯ ಮೂತಿಗೆ ಬಾಯಿ ಹಚ್ಚಿ ನೀರು ಕುಡಿದರು. ನನ್ನ ಸೆರಗು ಹರಿದು ಒದ್ದೆ ಮಾಡಿ ಕೊಟ್ಟೆ. ಮೂಗಿಗೆ ಹಿಡಿದುಕೊಂಡರು. ಒಂಬತ್ತು ತಿಂಗಳಲ್ಲಿ ನಾನು ಅವರ ಮುಖವನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಅಳು ತಡೆಯಲಾಗಲಿಲ್ಲ.

"ಅತ್ತೀ, ತಪ್ಪು ನಂದರಿ. ಮಹಾನವಮಿ ದಿನ ನಾನ ಆ ಕೀಲಿಗೆ ಎಣ್ಣಿ ಹಾಕಿ ವಿಭೂತಿ ತುಂಬೀನ್ರಿ."

ಅವರು ಉಸಿರು ಹಿಡಿಯುತ್ತಾ ನನ್ನನ್ನು ನೋಡಿದರು. "ಈಗ ಅದನ್ನ ತಗೊಂಡು ಏನ್ ಮಾಡೂದೈತಿ. ಮೊದಲ ಯಾರನ್ನರ ಕರಿ" ಎಂದರು.

ಹೊಸ ಸೊಸೆ ಒಬ್ಬಳೇ ಬೀದಿಗಿಳಿಯುವ ರೂಢಿ ಆ ಮನೆಯಲ್ಲಿರಲಿಲ್ಲ. ಆವತ್ತು ಹರಿದ ಸೆರಗಿನಲ್ಲಿ, ಚಪ್ಪಲಿಯಿಲ್ಲದೆ ಓಡಿದೆ. ಎದುರು ಮನೆಯ ಶಾಂತಕ್ಕ ನನ್ನನ್ನು ಕಂಡು ಗಾಬರಿಯಾಗಿ ಹೊರಬಂದರು. ವಿಷಯ ಹೇಳಿದೆ. ಅವರು ಓಣಿಯ ನಾಲ್ಕು ಜನರನ್ನು ಕೂಗಿದರು. ಪೇಟೆಯ ದಿನವಾದ್ದರಿಂದ ಬಂದವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮುದುಕರು. ಒಬ್ಬೊಬ್ಬರದು ಒಂದೊಂದು ಉಪಾಯ. ಒಬ್ಬರು ಕೊಬ್ಬರಿ ಎಣ್ಣೆ ತಂದರು. ಒಬ್ಬರು ಕೀಲಿಕೈಯನ್ನು ಒಲೆಯಲ್ಲಿ ಕಾಯಿಸಿ ಹಾಕು ಎಂದರು. ಶಾಂತಕ್ಕನ ಮಾವ ಬಾಗಿಲನ್ನು ಒದೆಯಲು ಹೋಗಿ ತಮ್ಮ ಮೊಣಕಾಲನ್ನೇ ಹಿಡಿದುಕೊಂಡು ಕುಳಿತರು. ಇನ್ನೊಬ್ಬರು ಕೀಲಿಕೈಗೆ ಕಲ್ಲಿನಿಂದ ಹೊಡೆದರು. ಅದು ಸೊಟ್ಟಗಾಯಿತು. ನಡುನಡುವೆ ಎಲ್ಲರೂ ಸೀನುತ್ತಿದ್ದರು.

"ಕೀಲಿಕೈ ಒಳಗ ಮುರದ್ರ ಕತಿ ಮುಗೀತು" ಎಂದರು ಶಾಂತಕ್ಕ. "ಬಸ್‌ಸ್ಟ್ಯಾಂಡ್ ಕಡೆ ಇಮಾಮಸಾಬ ಕುಂತಿರತಾನ ನೋಡು. ಸ್ಟೋವ್, ಕೀಲಿ ರಿಪೇರಿ ಮಾಡತಾನ. ಓಡು ನೀ, ನಾ ಇಲ್ಲಿ ನೋಡಕೋತೀನಿ. ನಿಮ್ಮ ಮಾವಗೂ ಹೇಳಿ ಕಳಸ್ತೀನಿ."

ಇಮಾಮಸಾಬರು ಬೇವಿನ ಮರದ ಕೆಳಗೆ ಗೋಣಿತಾಟು ಹಾಸಿಕೊಂಡು ಯಾರದೋ ಸ್ಟೋವ್ ಬಿಚ್ಚಿ ಕುಳಿತಿದ್ದರು. ಐವತ್ತರ ಮೇಲಿನ ವಯಸ್ಸು, ಕಣ್ಣಿಗೆ ದಾರ ಕಟ್ಟಿದ ಕನ್ನಡಕ. ನಾನು ಹೇಳಿದ್ದು ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. "ಮೆಣಸಿನಕಾಯಿ ಕೋಣಿ" ಮತ್ತು "ದಮ್ಮು" ಎಂಬ ಎರಡು ಮಾತು ಕೇಳಿದ್ದೇ ಬಿಚ್ಚಿದ ಸ್ಟೋವನ್ನು ಹಾಗೇ ಬಿಟ್ಟು ಎದ್ದರು. ಸ್ಟೋವಿನ ಯಜಮಾನ ಏನೋ ಅಂದ. "ನಿನ್ನ ಚಾ ಆಮ್ಯಾಲೆ ಕಾಸಕೊಳ್ಳಾಕ ಬರತೈತಿ ತಮ್ಮಾ" ಎಂದು ಚೀಲ ಹೆಗಲಿಗೇರಿಸಿ ನನ್ನ ಹಿಂದೆ ಬಹುತೇಕ ಓಡುತ್ತಲೇ ಬಂದರು.

ಬಂದವರು ಮೊದಲು ಎಲ್ಲರನ್ನೂ ಬಾಗಿಲಿನಿಂದ ಹಿಂದೆ ಸರಿಸಿದರು. "ಯಾರೂ ಕೈ ಹಚ್ಚಬ್ಯಾಡ್ರಿ. ನೀವು ಜಗ್ಗಿದಷ್ಟೂ ಅದು ಹಿಡಕೋತೈತಿ." ಸೊಟ್ಟಗಾಗಿದ್ದ ಕೀಲಿಕೈಯನ್ನು ಮೆಲ್ಲಗೆ ಹೊರತೆಗೆದು ಮೂಗಿಗೆ ಹಿಡಿದರು. ಅದಕ್ಕೆ ಅಂಟಿದ್ದನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದರು.

"ಕುಸುಬಿ ಎಣ್ಣಿ" ಎಂದರು. "ಅಡಗಿಗೆ ಚಲೋ. ಕೀಲಿಗೆ ಹಾಕಿದ್ರ ಎರಡು ತಿಂಗಳದಾಗ ವಾರ್ನಿಶ್ ಆಗತೈತಿ. ಮ್ಯಾಲೆ ಬೂದಿ ಬೇರೆ ಕುಂತೈತಿ. ಬಾಗಲಾ ಬಡದ ಹೊಡತಕ್ಕ ನಾಲಗಿ ಚೌಕಟ್ಟಿನಾಗ ಹೋಗಿ ಸಿಕ್ಕೊಂಡೈತಿ, ಅದನ್ನ ಹಿಂದಕ್ಕ ಎಳೆಯೂ ಭಾಗಕ್ಕ ಅಂಟು ಹಿಡದೈತಿ. ಚಿಮಣಿ ಎಣ್ಣಿ ತರ್ರಿ."

ಸೀಮೆಎಣ್ಣೆಗೆ ನಮ್ಮ ಕಡೆ ಚಿಮಣಿ ಎಣ್ಣೆ ಎನ್ನುತ್ತಾರೆ. ನಾನು ಡಬ್ಬಿಯನ್ನೇ ಎತ್ತಿ ತಂದೆ. ಅವರು ಕೀಲಿಕೈಯನ್ನು ಹೊಸ್ತಿಲ ಮೇಲಿಟ್ಟು ಸುತ್ತಿಗೆಯಿಂದ ಹದವಾಗಿ ತಟ್ಟಿ ನೆಟ್ಟಗೆ ಮಾಡಿದರು. ಇಂಕು ತುಂಬುವ ಫಿಲ್ಲರಿನಂಥದ್ದೊಂದನ್ನು ಚೀಲದಿಂದ ತೆಗೆದು, ತೂತಿನೊಳಗೆ ಸೀಮೆಎಣ್ಣೆ ಬಿಟ್ಟರು. ತೆಳುವಾದ ತಂತಿಯಿಂದ ಕೆದಕಿದರು. ಕಂದು ಬಣ್ಣದ ರಾಡಿ ಇಳಿಯಿತು. ಮತ್ತೆ ಬಿಟ್ಟರು, ಮತ್ತೆ ಕೆದಕಿದರು. ಸುತ್ತಿಗೆಯ ಮರದ ಹಿಡಿಕೆಯಿಂದ ಬೀಗದ ಸುತ್ತ ಟಕಟಕನೆ ಬಡಿದರು.

"ಲಗೂ ಮಾಡ್ರಿ" ಎಂದೆ.

"ಐದು ನಿಮಿಷ ಅದು ನೆನೀಬೇಕು ತಂಗಿ. ಅವಸರ ಮಾಡಿದ್ರ ಕೀಲಿಕೈ ಮುರೀತೈತಿ. ಹೋಗು, ಅವ್ವಾರ ಜೊತಿ ಮಾತಾಡು. ಮಾತು ನಿಲ್ಲಾಕ ಬಿಡಬ್ಯಾಡ."

ನಾನು ಮತ್ತೆ ಹಿತ್ತಿಲಿಗೆ ಓಡಿ ಕಲ್ಲು ಹತ್ತಿದೆ. ಅಲ್ಲಿದ್ದ ಶಾಂತಕ್ಕ ಕೆಳಗಿಳಿದು ನನಗೆ ಜಾಗ ಕೊಟ್ಟರು. ಅತ್ತೆಯ ಬೆರಳುಗಳು ಸರಳು ಹಿಡಿದಿದ್ದವು. ನಾನು ಅವುಗಳ ಮೇಲೆ ಕೈಯಿಟ್ಟೆ. ಏನು ಮಾತಾಡುವುದು ತಿಳಿಯಲಿಲ್ಲ. ನಮ್ಮಿಬ್ಬರ ನಡುವೆ ಆ ತನಕ ಉಪ್ಪು, ಹಿಟ್ಟು, ನೀರು ಬಿಟ್ಟರೆ ಬೇರೆ ಮಾತೇ ನಡೆದಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳತೊಡಗಿದೆ. ಅಪ್ಪನ ಅಂಗಡಿ, ನಾನು ಸೈಕಲ್ ಕಲಿತು ಬಿದ್ದದ್ದು, ಈ ಮನೆಗೆ ಬಂದ ಮೊದಲ ರಾತ್ರಿ ಸೀನು ತಡೆಯಲು ದಿಂಬು ಕಚ್ಚಿಕೊಂಡದ್ದು. ಅತ್ತೆ ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಆದರೆ ದಿಂಬಿನ ಮಾತಿಗೆ ಅವರ ಬೆರಳು ನನ್ನ ಬೆರಳನ್ನು ಒಂದು ಸಲ ಒತ್ತಿತು.

ಅಷ್ಟರಲ್ಲಿ ಇಮಾಮಸಾಬರ ದನಿ ಬಂತು. "ಅವ್ವಾರ, ಒಳಗಿಂದ ಬಾಗಲಕ್ಕ ಹೆಗಲು ಕೊಟ್ಟು ನೂಕಬೇಕ್ರಿ. ನಾಲಗಿ ಮ್ಯಾಲಿನ ಭಾರ ತಗೀಬೇಕು. ಒಂದ ನಿಮಿಷ ಸಾಕು."

ಅದಕ್ಕೆ ಅತ್ತೆ ಕಿಟಕಿಯ ಗಾಳಿಯನ್ನು ಬಿಟ್ಟು ಕೆಳಗಿಳಿದು ಆ ಧೂಳಿನಲ್ಲಿ ನಡೆದುಹೋಗಬೇಕಿತ್ತು. ನಾನು ಬೇಡ ಎನ್ನುವಷ್ಟರಲ್ಲಿ ಒದ್ದೆ ಬಟ್ಟೆಯನ್ನು ಮೂಗಿಗೆ ಬಿಗಿಯಾಗಿ ಹಿಡಿದು ಅವರು ಇಳಿದಿದ್ದರು. ಸರಳಿನ ಹಿಂದೆ ಚೀಲಗಳು ಮಾತ್ರ ಉಳಿದವು. ನಾನು ಕಲ್ಲಿನಿಂದ ಹಾರಿ ಮತ್ತೆ ಬಾಗಿಲ ಮುಂದೆ ಬಂದೆ. ಒಳಗೆ ಕೆಮ್ಮು ಬಾಗಿಲಿನ ಹತ್ತಿರ ಬಂತು. ಬಾಗಿಲು ಕೂದಲೆಳೆಯಷ್ಟು ಅಲುಗಿತು. ಇಮಾಮಸಾಬರು ಕಣ್ಣುಮುಚ್ಚಿಕೊಂಡು ಕೀಲಿಕೈಯನ್ನು ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ ಆಡಿಸುತ್ತಾ ಕೂತರು. ಒಳಗೆ ಕೆಮ್ಮು ನಿಂತಿತು. ಆ ಹೊತ್ತಿನಲ್ಲಿ ಕಟಕ್ ಎಂದು ಸದ್ದಾಯಿತು.

ಇಮಾಮಸಾಬರು ಬಾಗಿಲನ್ನು ಒಂದೇ ಸಲ ತಳ್ಳಲಿಲ್ಲ. ಒಳಗೆ ಒರಗಿದವರಿಗೆ ಪೆಟ್ಟಾಗದಂತೆ ಮೆಲ್ಲಗೆ ಸರಿಸಿದರು. ಅತ್ತೆ ಗೋಡೆಗೆ ಆತು ಕುಸಿದು ಕುಳಿತಿದ್ದರು. ನಾನು ಮತ್ತು ಶಾಂತಕ್ಕ ಅವರನ್ನು ಎತ್ತಿಕೊಂಡು ಬಂದು ಅಂಗಳದ ಗಾಳಿಯಲ್ಲಿ ಕೂರಿಸಿದೆವು. ನಾನು ಬೆನ್ನು ಉಜ್ಜುತ್ತಾ ಇದ್ದೆ. ಮೆಲ್ಲಮೆಲ್ಲಗೆ ಉಸಿರು ಹದಕ್ಕೆ ಬಂತು. ಶಾಂತಕ್ಕ ಹೇಳಿಕಳಿಸಿದ್ದ ಕಾಂಪೌಂಡರ್ ಬಂದು ಇಂಜೆಕ್ಷನ್ ಕೊಟ್ಟರು. ಮಾವ ಅಂಗಡಿಯಿಂದ ಓಡೋಡಿ ಬಂದರು. ಪೇಟೆಯ ದಿನ ಅವರು ಮಧ್ಯಾಹ್ನಕ್ಕೆ ಮುಂಚೆ ಅಂಗಡಿ ಬಿಟ್ಟು ಬಂದದ್ದು ಅದೇ ಮೊದಲಂತೆ. ಮುಖದಲ್ಲಿ ರಕ್ತವಿರಲಿಲ್ಲ. ಅತ್ತೆ ಕೂತು ನೀರು ಕುಡಿಯುವುದನ್ನು ಕಂಡ ಮೇಲೆ ಕಟ್ಟೆಯ ಮೇಲೆ ಕುಳಿತು ಟೋಪಿ ತೆಗೆದರು.

ಇಮಾಮಸಾಬರು ಬೀಗವನ್ನು ಬಿಚ್ಚಿ ಸೀಮೆಎಣ್ಣೆಯ ತಟ್ಟೆಯಲ್ಲಿ ತೊಳೆಯುತ್ತಾ ಮಾವನಿಗೆ ಎಲ್ಲವನ್ನೂ ವಿವರಿಸಿದರು. ಒಣಗಿದ ಎಣ್ಣೆಯ ಹೆಪ್ಪು ತೋರಿಸಿದರು. ಮಾವನ ಗಾಬರಿ ಇಳಿದು ಸಿಟ್ಟು ಏರಿತು.

"ಕೀಲಿಗೆ ಕುಸುಬಿ ಎಣ್ಣಿ ಹಾಕಿದವರು ಯಾರು?" ಎಂದರು.

ಅಂಗಳದಲ್ಲಿ ಹತ್ತು ಹನ್ನೆರಡು ಜನ ನಿಂತಿದ್ದರು. ನಾನು ಬಾಯಿ ತೆರೆದೆ. ಅತ್ತೆಯ ಬೆನ್ನ ಮೇಲಿದ್ದ ನನ್ನ ಕೈಯನ್ನು ಅವರು ಹಿಂದೆ ಕೈಚಾಚಿ ಹಿಡಿದರು.

"ನಾನ ಹಾಕೀನಿ" ಎಂದರು. ದನಿ ಪೂರ್ತಿ ಬಂದಿರಲಿಲ್ಲ. "ಖಂಡೇಪೂಜಿ ದಿನ."

ಮಾವ ಅವರನ್ನೇ ನೋಡಿದರು. ಆಮೇಲೆ ಬದುಕಿ ಬಂದರಲ್ಲ ಎಂಬ ಸಮಾಧಾನಕ್ಕೋ ಏನೋ, ಜೋರಾಗಿ ನಗತೊಡಗಿದರು. "ಹೋಳಿಗಿಗೆ ಉಪ್ಪು, ಕೀಲಿಗೆ ಎಣ್ಣಿ. ಇಕಿ ಕೈ ಅಳತಿ ಗೊತ್ತೈತಲ್ಲ" ಎಂದರು. ನೆರೆದವರೆಲ್ಲ ನಕ್ಕರು. ಇಮಾಮಸಾಬರು ಮಾತ್ರ ನಗಲಿಲ್ಲ. ತಟ್ಟೆಯಿಂದ ತಲೆಯೆತ್ತಿ ಕನ್ನಡಕದ ಮೇಲಿನಿಂದ ಒಮ್ಮೆ ನನ್ನನ್ನು, ಒಮ್ಮೆ ಅತ್ತೆಯನ್ನು ನೋಡಿದರು. ನಾನು ಅವರ ಮುಂದೆ ಏನನ್ನೂ ಒಪ್ಪಿಕೊಂಡಿರಲಿಲ್ಲ. ಆದರೂ ಅವರಿಗೆ ಗೊತ್ತಾಗಿತ್ತು. ಬೀಗ ಕೂಡಿಸಿ, ಪೆನ್ಸಿಲ್ಲಿನ ಸೀಸವನ್ನು ಬ್ಲೇಡಿನಿಂದ ಹೆರೆದು ಪುಡಿಯನ್ನು ತೂತಿಗೆ ಊದಿದರು. "ಇನ್ಮ್ಯಾಲೆ ಎಣ್ಣಿ ಬ್ಯಾಡ ತಂಗಿ, ಇಷ್ಟ ಸಾಕು" ಎಂದು ನನಗೇ ಹೇಳಿ, ಚಹಾ ಕುಡಿದು, ಬಿಚ್ಚಿಟ್ಟ ಸ್ಟೋವಿನ ಕಡೆಗೆ ಹೋದರು.

ಸಂಜೆ ಅತ್ತೆಯ ಎದೆಗೆ ಬಿಸಿ ಬಟ್ಟೆಯ ಶಾಖ ಕೊಡುತ್ತಾ ಕೇಳಿದೆ. "ಯಾಕ ಹಂಗ ಅಂದ್ರಿ ಅತ್ತೀ? ಮಾಡಿದಾಕಿ ನಾನು."

ಅತ್ತೆ ಬಟ್ಟೆಯನ್ನು ಎದೆಯ ಮೇಲೆ ಸರಿಮಾಡಿಕೊಂಡರು.

"ನನಗ ರೂಢಿ ಐತಿ, ನಿನಗಿಲ್ಲ" ಎಂದರು. "ಒಂದ ಸಲ ಹೆಸರು ಬಿತ್ತಂದ್ರ ಬಿತ್ತು. ಇಪ್ಪತ್ತೆಂಟು ವರ್ಷದಾಗ ಈ ಕೈಲೆ ಎಷ್ಟು ಹೋಳಿಗಿ ಆಗ್ಯಾವು, ಲೆಕ್ಕ ಇಲ್ಲ. ಉಪ್ಪು ಬಿದ್ದದ್ದು ಒಂದ ದಿನ. ಎಲ್ಲಾರಿಗೂ ಆ ಒಂದ ದಿನ ನೆನಪೈತಿ. ನೀ ಇನ್ನ ಈಗ ಬಂದೀದಿ. ನಿನಗ ಯಾಕ ಬೇಕದು."

ನನ್ನ ಕೈ ನಿಂತುಹೋಯಿತು. ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕದ್ದು ನೆನಪಾಯಿತು. ಆಗ ತುಪ್ಪ ಬಡಿಸುತ್ತಿದ್ದ ಅವರ ಮುಖವನ್ನು ನಾನು ನೋಡಿಯೇ ಇರಲಿಲ್ಲ. ನೋಡಬೇಕು ಎಂದೂ ಅನಿಸಿರಲಿಲ್ಲ. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿದ್ದಿಲ್ಲ.

"ಬಟ್ಟಿ ಆರಾಕತ್ತೈತಿ" ಎಂದರು ಅತ್ತೆ. ನಾನು ಮತ್ತೆ ಕಾಯಿಸಿ ತಂದೆ.

ಮುಂದೆ ಅಪ್ಪ ಬಂದಾಗ ಮೆಲ್ಲಗೆ ಕೇಳಿದೆ, ನಿಮ್ಮ ಪಾನಾ ಪಕ್ಕಡಗಳು ಯಾಕೆ ಹಿಡಿದುಕೊಳ್ಳುತ್ತಿರಲಿಲ್ಲ ಎಂದು. ಅಪ್ಪ ನಕ್ಕರು. "ಮರುದಿನ ನಸಕಿನ್ಯಾಗ ಎಲ್ಲಾ ಚಿಮಣಿ ಎಣ್ಣಿಲೆ ಒರಸಿ ಇಡತಿದ್ದೆ. ನೀ ಎಲ್ಲಿ ನೋಡೀದಿ, ಬನ್ನಿ ಕೊಡಾಕ ಓಣಿ ತಿರಗಾಕ ಹೋಗತಿದ್ದಿ" ಎಂದರು. ತವರಿನ ಪದ್ಧತಿ ಎಂದು ಹೆಮ್ಮೆಯಿಂದ ತಂದದ್ದರಲ್ಲಿ ಅರ್ಧವನ್ನಷ್ಟೇ ನಾನು ತಂದಿದ್ದೆ.

ಅಂದಿನಿಂದ ನಾನೂ ಅತ್ತೆಯೂ ಹತ್ತಿರವಾದೆವು. ಆದರೆ ಮಾವನಿಗೆ ಹೊಸ ಕತೆ ಸಿಕ್ಕಿತ್ತು. ಹಬ್ಬ ಬಂದರೆ ಉಪ್ಪಿನ ಹೋಳಿಗೆ, ಅದರ ಬೆನ್ನಿಗೇ ಎಣ್ಣೆಯ ಬೀಗ. ಬಾಗಿಲು ಒದೆಯಲು ಹೋಗಿ ಮೊಣಕಾಲು ಹಿಡಿದುಕೊಂಡ ಮುದುಕರನ್ನೂ, ಸೀನುತ್ತಿದ್ದವರನ್ನೂ ಅವರು ಅಭಿನಯಿಸುತ್ತಿದ್ದರು. ತಾವು ಕಾಣದ್ದನ್ನೂ ಕಂಡವರಿಗಿಂತ ಚೆನ್ನಾಗಿ ಹೇಳುತ್ತಿದ್ದರು. ಅವರು ಕೆಟ್ಟವರಲ್ಲ. ಆ ದಿನ ಓಡಿ ಬಂದಾಗಿನ ಅವರ ಮುಖ ನಾನು ನೋಡಿದ್ದೇನೆ. ಆದರೂ ಪ್ರತಿ ಸಲ ಜನ ನಗುವಾಗ ನಾನು ತಟ್ಟೆ ನೋಡುತ್ತಾ ಕೂರುತ್ತಿದ್ದೆ. ಹೇಳಿಬಿಡಬೇಕು ಎನ್ನುವಷ್ಟರಲ್ಲಿ ಅತ್ತೆ ಬಂದು ನನ್ನ ತಟ್ಟೆಗೆ ಏನಾದರೂ ಬಡಿಸುತ್ತಿದ್ದರು. ಅದನ್ನೇ ನೆಪ ಮಾಡಿಕೊಂಡು ಏಳು ವರ್ಷ ಸುಮ್ಮನಿದ್ದೆ. ಅದು ಅತ್ತೆಗೆ ಕೊಟ್ಟ ಗೌರವವಲ್ಲ, ನನ್ನ ಪುಕ್ಕಲುತನ.

೧೯೯೫ರಲ್ಲಿ ಮೈದುನನ ಮದುವೆಯಾಗಿ ಹಾವೇರಿಯಿಂದ ರೇಖಾ ಎಂಬ ಹುಡುಗಿ ಕಿರಿಯ ಸೊಸೆಯಾಗಿ ಬಂದಳು. ಆ ವರ್ಷದ ಮಹಾನವಮಿಯ ಊಟಕ್ಕೆ ಎಲ್ಲರೂ ಕುಳಿತಿದ್ದೆವು. ಮಾವ ಶುರು ಮಾಡಿದರು. ಉಪ್ಪಿನ ಹೋಳಿಗೆ ಮುಗಿಯಿತು, ಬೀಗದ ಕತೆ ಬಂತು. ಹಿಂದೆ ನಾನು ನಕ್ಕ ಹಾಗೇ ರೇಖಾ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನಾನು ಅತ್ತೆಯನ್ನು ನೋಡಿದೆ. ಈ ಸಲ ಮುಖವನ್ನೇ ನೋಡಿದೆ. ಅವರು ತುಪ್ಪದ ಮಿಳ್ಳೆ ಹಿಡಿದು ನನ್ನ ಕಡೆಗೇ ಬರುತ್ತಿದ್ದರು.

ನಾನು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದೆ. "ಮಾವಾರ, ಆ ಕೀಲಿಗೆ ಎಣ್ಣಿ ಹಾಕಿದಾಕಿ ನಾನ್ರಿ" ಎಂದೆ. "ವಿಭೂತಿನೂ ನಾನ ತುಂಬೀನಿ. ಅತ್ತೀದು ಏನೂ ತಪ್ಪಿಲ್ಲ. ನನ್ನ ಹೆಸರು ಕೆಡಬಾರದಂತ ತಮ್ಮ ಮ್ಯಾಲೆ ಹಾಕ್ಕೊಂಡ್ರು."

ನನ್ನ ಗಂಡ ನನ್ನನ್ನು ಹೊಸಬಳಂತೆ ನೋಡಿದರು. ರೇಖಾಳ ಸೆರಗು ಬಾಯಿಂದ ಕೆಳಗಿಳಿಯಿತು. ಮಾವ ಕೈಯಲ್ಲಿದ್ದ ಹೋಳಿಗೆಯ ತುಂಡನ್ನು ತಟ್ಟೆಯಲ್ಲಿಟ್ಟು ಅತ್ತೆಯ ಕಡೆ ತಿರುಗಿದರು.

"ಮತ್ತ ನೀ ಯಾಕ ನನ್ನ ಮುಂದನೂ ಹೇಳಲಿಲ್ಲ?"

ಅತ್ತೆ ನನ್ನ ಕೈಯನ್ನು ಸರಿಸಿ ತುಪ್ಪ ಬಡಿಸಿದರು. "ಇಪ್ಪತ್ತೆಂಟು ವರ್ಷ ಒಂದ ಕತಿ ಹೇಳಿದ್ರಿ. ಕೇಳಿ ಕೇಳಿ ನನಗ ಬ್ಯಾಸರಾಗಿತ್ತು. ಇನ್ನೊಂದು ಇರ್ಲಿ ಅಂತ ತಗೊಂಡೆ" ಎಂದರು.

ಆ ಮಾತಿಗೆ ಯಾರೂ ನಗಲಿಲ್ಲ. ಮಾವ ತಲೆ ತಗ್ಗಿಸಿ ಉಣ್ಣತೊಡಗಿದರು. ಬಹಳ ಮಾತಿನ ಮನುಷ್ಯ ಒಂದು ಹೋಳಿಗೆ ಪೂರ್ತಿ ಮುಗಿಯುವ ತನಕ ಮಾತಾಡಲಿಲ್ಲ. ಅತ್ತೆ ಎರಡನೆಯದನ್ನು ಬಡಿಸಲು ಬಂದಾಗ ತಲೆಯೆತ್ತದೆಯೇ ಹೇಳಿದರು.

"ಹೋಳಿಗಿ ಚಲೋ ಆಗ್ಯಾವು."

ಆ ಮನೆಗೆ ಬಂದು ಎಂಟು ವರ್ಷವಾಗಿತ್ತು. ಅತ್ತೆಯ ಹೋಳಿಗೆಯನ್ನು ಅವರು ಹೊಗಳಿದ್ದು ನಾನು ಕೇಳಿದ್ದು ಅದೇ ಮೊದಲು. ಅತ್ತೆ ಅಡುಗೆಮನೆಗೆ ಹೋದರು. ಸ್ವಲ್ಪ ಹೊತ್ತು ಗೊಂಚಲಿನ ಸದ್ದು ಕೇಳಲಿಲ್ಲ. ನಾನು ಎದ್ದು ಹೋಗಿ ನೋಡಿದಾಗ ಒಲೆಯ ಮುಂದೆ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದರು. "ಖಾರ ಹತ್ತೇತಿ" ಎಂದರು.

ಉಪ್ಪಿನ ಹೋಳಿಗೆಯ ಕತೆಯನ್ನು ಮಾವ ಆಮೇಲೆ ಹೇಳಿಲ್ಲ. ಬೀಗದ ಕತೆಯನ್ನು ಮಾತ್ರ ಈಗಲೂ ಹಬ್ಬದ ದಿನ ಮಕ್ಕಳು ಕೇಳುತ್ತಾರೆ. ಅದನ್ನು ಈಗ ಹೇಳುವವಳು ನಾನು. ಮುದುಕರ ಮೊಣಕಾಲು, ಇಮಾಮಸಾಬರ ಕನ್ನಡಕ, ಗಿಂಡಿಯ ಮೂತಿ ಎಲ್ಲವನ್ನೂ ಹೇಳಿ, ಎಣ್ಣೆ ಹಾಕಿದವರು ಯಾರು ಎಂಬಲ್ಲಿಗೆ ಬಂದಾಗ ನನ್ನ ಹೆಸರನ್ನೇ ಹೇಳುತ್ತೇನೆ. ಅತ್ತೆ ಅಲ್ಲೇ ಕುಳಿತು ಕೇಳುತ್ತಿರುತ್ತಾರೆ.